ಕೆಮ್ಮಿನ ಸುದ್ದಿ

“ಇಳಿಸ್ರಪ್ಪಾ, ಒಂದ್ನಿಮಿಷ ಕೆಳಗಿಳಿಸಿ!”

ಅಕ್ಕ ಕೂಗಿದ್ದಕ್ಕೆ ಭಾವನ ಹೆಣಕ್ಕೆ ಹೆಗಲು ಕೊಟ್ಟಿದ್ದ ನಾಲ್ವರೂ ಬಾಗಿಲಲ್ಲೇ ತಬ್ಬಿಬ್ಬಾಗಿ ನಿಂತರು. ಅವಳ ತಮ್ಮ, ಟೀವಿ ಚಾನೆಲಿನಲ್ಲಿ ಕ್ಯಾಮೆರಾ ಹಿಡಿಯುವವನು, ಅವರಲ್ಲೊಬ್ಬ. ಬೀದಿಯ ತುದಿಯಲ್ಲಿ ಅವನ ಚಾನೆಲಿನದೇ ವ್ಯಾನು ಬಂದು ನಿಂತಿತ್ತು.

“ನೋಡಿದ್ರಾ, ನನ್ ತಮ್ಮ ಕರೆಸಿದಾನೆ! ಅವರು ಬರೋವರೆಗೂ ಎತ್ತಬೇಡಿ” ಎಂದಳು ಅಕ್ಕ.

ಹೆಣವನ್ನು ಮತ್ತೆ ನಡುಮನೆಗೆ ತಂದರು. ಪಕ್ಕದ ಮನೆಯಾಕೆ ಓಡಿಹೋಗಿ ಬಾಚಣಿಗೆ ತಂದು ಭಾವನ ತಲೆ ಬಾಚಿದಳು. ಭಾವನ ಜೊತೆ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ದುಡಿದ ಮೇಸ್ತ್ರಿ ಅಂಗಿಯ ಗುಂಡಿ ಹಾಕಿಕೊಂಡ. “ಹೋಗೋ ಹೊತ್ತಿಗಾದ್ರೂ ಹೆಸರು ಬಂತಲ್ಲ ಪುಣ್ಯಾತ್ಮಂಗೆ” ಎಂದು ದೊಡ್ಡಪ್ಪ ಕಣ್ಣೊರೆಸಿಕೊಂಡರು.

ತಮ್ಮ ಯಾರನ್ನೂ ಕರೆಸಿರಲಿಲ್ಲ. ಮುಖ್ಯರಸ್ತೆಯಲ್ಲಿ ಒಡವೆ ಅಂಗಡಿ ಉದ್ಘಾಟಿಸಲು ಸಿನಿಮಾ ನಟಿ ಬರುತ್ತಿದ್ದಳು. ವ್ಯಾನು ಬಂದಿದ್ದು ಅದಕ್ಕೆ. ಹೇಳಿಬಿಡಬೇಕು ಎಂದುಕೊಂಡ. ಅಕ್ಕನ ಮುಖ ನೋಡಿ, ಹೇಳದೆಯೇ ಅಂಗಳಕ್ಕಿಳಿದ.

*

ಕೆಲಸ ಮುಗಿಸಿ ಬಂದರೆ ಕಲ್ಲಿನ ಧೂಳು ಕೂತು ಭಾವನ ರೆಪ್ಪೆಯೂ ಬೆಳ್ಳಗಿರುತ್ತಿತ್ತು. “ಬೆಳಗ್ಗೆ ಹುಡುಗ, ಸಂಜೆ ಮುದುಕ! ನಿಮ್ಮ ಮೇಕಪ್‌ನೋರಿಗೂ ಬರಲ್ಲ ಕಣೋ ಈ ಕಸುಬು” ಎಂದು ನಗುತ್ತಿದ್ದ. ನಗು ಕೆಮ್ಮಾಗುತ್ತಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ. ಒಂದೇ ಒಂದು ಸಲ, ಅಕ್ಕ ಒಳಗೆ ಹೋದಾಗ, ದನಿ ತಗ್ಗಿಸಿ ಕೇಳಿದ: “ನಮ್ಮಲ್ಲಿ ಎಲ್ರೂ ಹಿಂಗೇ ಕೆಮ್ತಾರೆ. ಮಾಲೀಕ ಒಂದೊಳ್ಳೇ ಮಾಸ್ಕ್ ಕೊಡಲ್ಲ. ಒಂದ್ಸಲ ತೋರಿಸ್ಬಿಡು ನಿಮ್ಮಲ್ಲಿ.”

ಮರುದಿನವೇ ತಮ್ಮ ಸುದ್ದಿ ಮುಖ್ಯಸ್ಥರ ಮುಂದೆ ಕೈಕಟ್ಟಿ ನಿಂತ.

“ಎಷ್ಟು ಜನ ಸತ್ತಿದಾರೆ?”

“ಸತ್ತಿಲ್ಲ ಸಾರ್, ಕೆಮ್ತಾರೆ.”

“ಕೆಮ್ಮನ್ನ ಯಾರಯ್ಯ ನೋಡ್ತಾರೆ? ಹೋಗು, ಕೆಲಸ ನೋಡು.”

ತಮ್ಮ ಭಾವನಿಗೆ “ಮುಂದಿನ ವಾರ ಆಗುತ್ತೆ” ಎಂದ. ಭಾವ ಮತ್ತೆ ಕೇಳಲಿಲ್ಲ. ಹೇಗೋ ವಿಷಯ ತಿಳಿದಿದ್ದ ಅಕ್ಕ ನೆನಪಿಸಲು ಬಾಯಿ ತೆರೆದರೂ ಭಾವನೇ ಮಾತು ತಿರುಗಿಸುತ್ತಿದ್ದ. ಅಯ್ಯೋ, ಹಿಡಿದು ಬೈದಿದ್ದರೆ ಎಷ್ಟೋ ವಾಸಿಯಿತ್ತು.

*

ತಮ್ಮ ವ್ಯಾನಿನ ಬಳಿಗೆ ಓಡಿದ. ವರದಿಗಾರ್ತಿ ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

“ಐದು ನಿಮಿಷ ಬಾ ತಾಯಿ. ನಮ್ಮ ಭಾವ…”

“ನನಗೂ ಬೇಜಾರಾಗ್ತಿದೆ ಅಣ್ಣ. ಆದ್ರೆ ಮೇಡಂ ಕಾರು ಬಂದೇಬಿಡ್ತು. ಇನ್ನೊಂದು ಕ್ಯಾಮೆರಾ ಇದೆ, ನೀವೇ ತೆಕ್ಕೊಳ್ಳಿ. ಹಾಕೋದು ಬಿಡೋದು ಯಾರ ಕೈಲಿದೆ ಅಂತ ನಿಮಗೇ ಗೊತ್ತಲ್ಲ.”

ಗೊತ್ತಿಲ್ಲದೆ ಏನು! ಆದರೂ ಕ್ಯಾಮೆರಾ ಹೊತ್ತು ಬಂದ.

ಅಕ್ಕ ಅಳಲಿಲ್ಲ. “ನನ್ ಗಂಡ ಒಂದು ಬೀಡಿ ಸೇದಿದವರಲ್ಲ. ಒದ್ದೆ ಟವೆಲ್ಲು ಮುಖಕ್ಕೆ ಕಟ್ಕೊಂಡು ಹೋಗೋರು. ಸಂಜೆ ಒಗೆದ್ರೆ ಬರೀ ಕೆಸರು” ಎಂದು ಒಂದೇ ಉಸಿರಿಗೆ ಹೇಳಿದಳು.

ಕ್ಯಾಮೆರಾ ಮೇಸ್ತ್ರಿಯತ್ತ ತಿರುಗಿತು. ಅವನು ತುಟಿ ಕಚ್ಚಿ ನಿಂತಿದ್ದ. ಮುಖ ಕೆಂಪೇರಿ ಕಣ್ಣಲ್ಲಿ ನೀರು ಬಂದಿತ್ತು.

“ಯಾಕೆ ಮೇಸ್ತ್ರಿ, ಮಾತಾಡಿ.”

“ಕೆಮ್ಮು ಬರ್ತಿದೆ ಸಾರ್. ಟೀವೀಲಿ ಚೆನ್ನಾಗಿರಲ್ವಲ್ಲ, ತಡ್ಕೊಂಡಿದೀನಿ.”

“ಕೆಮ್ಮಿ ಮೇಸ್ತ್ರಿ, ದಮ್ಮಯ್ಯ, ಕೆಮ್ಮಿಬಿಡಿ” ಎಂದ ತಮ್ಮ. ಕ್ಯಾಮೆರಾದ ಹಿಂದೆ ಅವನ ಕಣ್ಣೂ ಒದ್ದೆಯಾಗಿತ್ತು.

“ಎಷ್ಟೊತ್ತಿಗೆ ಹಾಕ್ತಾರೋ?” ಎಂದು ಅಕ್ಕ ಕೇಳಿದಳು.

“ಸಾಯಂಕಾಲದ ಸುದ್ದೀಲಿ” ಎಂದುಬಿಟ್ಟ.

*

ಮಣ್ಣು ಮಾಡಿ ಬಂದವರೆಲ್ಲ ಸಂಜೆ ಟೀವಿ ಮುಂದೆ ಕೂತಿದ್ದರು. ನಟಿ ಕತ್ತಿನ ಸರವನ್ನು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ತೋರಿಸಿದಳು. ಬೆಲೆ ಎಷ್ಟಿರಬಹುದೆಂದು ದೊಡ್ಡಪ್ಪ ಶುರುಮಾಡಿದರು.

“ಶ್… ಸುಮ್ನಿರಿ, ಮುಂದಿನದು ನಮ್ದೇ ಇರ್ಬೇಕು” ಎಂದಳು ಅಕ್ಕ. ಬಾಗಿಲ ಬಳಿ ನಿಂತಿದ್ದ ತಮ್ಮನತ್ತ ತಿರುಗಿ, ಭಾವ ದಿನಾ ಗೋಡೆಗೊರಗಿ ಕೂರುತ್ತಿದ್ದ ಜಾಗವನ್ನು ತಟ್ಟಿ ತೋರಿಸಿದಳು.

“ಬಾರೋ, ಅಲ್ಲಿಂದ ನಿಂಗೆ ಸರಿಯಾಗಿ ಕಾಣಲ್ಲ.”