ಕೂಸು ಕಾಯ್ದ ಸೀಟು

ಹೋದ ಕಬ್ಬಿನ ಸುಗ್ಗಿಯಲ್ಲಿ ತಿಕೋಟಾ ರಸ್ತೆಯ ಮೇಲೆ ಸಂಪದಾಳ ಗಂಡ ಮಿಲಿಂದ ತೀರಿಕೊಂಡ. ಸಂಜೆಯ ಮಬ್ಬಿನಲ್ಲಿ ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಅವನ ಕಾರು ಗುದ್ದಿತ್ತು. ಮುಂದಿನ ಅರ್ಧ ಕಾರು ಗುರುತು ಸಿಗದಂತಾಗಿತ್ತು. ಹಿಂದುಗಡೆ, ಮಕ್ಕಳಿಗಾಗಿಯೇ ಮಾಡಿದ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಿದ್ದ ಎರಡು ವರ್ಷದ ಮಗ ಅನೂಪನಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ವಿಜಾಪುರದ ಜಲನಗರದ ಓಣಿಯವರೆಲ್ಲ ಸತ್ತವನಿಗಾಗಿ ಅತ್ತು ಮುಗಿಸಿದ ಮೇಲೆ ಆ ಸೀಟನ್ನು ನೋಡಲು ಬರತೊಡಗಿದರು. ಜನಕ್ಕೇನು, ದುಃಖಕ್ಕಿಂತ ಪವಾಡ ನೋಡುವುದು ಸುಲಭ.

ಸಂಪದಾಳ ಅತ್ತೆ ಸಖೂಬಾಯಿ ಆ ಸೀಟಿನ ಬಟ್ಟೆ ಬಿಚ್ಚಿಸಿ ಒಗೆಸಿದಳು, ಮತ್ತೆ ತೊಡಿಸಿದಳು, ಅರಿಷಿಣ ಕುಂಕುಮ ಹಚ್ಚಿ ದೇವರ ಮನೆಯ ಬಾಗಿಲ ಪಕ್ಕದಲ್ಲಿಟ್ಟಳು. ಬಂದವರಿಗೆಲ್ಲ ಅದನ್ನು ಮುಟ್ಟಿ ತೋರಿಸುವಳು. ಸಖೂಬಾಯಿ ಕೆಟ್ಟವಳಲ್ಲ. ಇದ್ದೊಬ್ಬ ಮಗನನ್ನು ಕಳೆದುಕೊಂಡ ತಾಯಿಗೆ ದೇವರ ಮೇಲೆ ಸಿಟ್ಟಾಗಿ ಎಷ್ಟು ದಿನ ಇರಲಾದೀತು? ಯಾವುದಕ್ಕಾದರೂ ಕೈಮುಗಿಯಬೇಕಲ್ಲ, ಈ ಪ್ಲಾಸ್ಟಿಕ್ ಸೀಟಿಗೆ ಮುಗಿದಳು.

ಆ ಮನೆಯಲ್ಲಿ ಸೀಟಿನ ವಿಷಯ ಸರಿಯಾಗಿ ಗೊತ್ತಿದ್ದವಳು ಸಂಪದಾ ಒಬ್ಬಳೇ. ಮಿಲಿಂದ ಅದನ್ನು ಪುಣೆಯಿಂದ ತಂದ ದಿನ ಜೊತೆಗೆ ಬಂದ ಪುಸ್ತಕವನ್ನು ಅಂಗಳದಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಓದಿದ್ದ. ಅವನು ಹಾಗೆಯೇ. ಮಿಕ್ಸರ್ ತಂದರೂ ಪುಸ್ತಕ ಓದದೆ ಗುಂಡಿ ಒತ್ತುವವನಲ್ಲ. ಕೂಸು ಸಣ್ಣದಿದ್ದಾಗ ಹಿಂದಕ್ಕೆ ಮುಖ ಮಾಡಿ ಕಟ್ಟಬೇಕು, ಕಾರಿನ ಬೆಲ್ಟನ್ನು ಯಾವ ಸಂದಿಯಿಂದ ತೂರಿಸಬೇಕು, ಮೊಣಕಾಲು ಊರಿ ಹೇಗೆ ಜಗ್ಗಬೇಕು ಎಂದೆಲ್ಲ ಅವಳಿಗೂ ಕಲಿಸಿದ್ದ. ಕೊನೆಯ ಪುಟಕ್ಕೆ ಬಂದಾಗ, "ದೊಡ್ಡ ಹೊಡತ ಬಿದ್ದ ಮ್ಯಾಲ ಇದನ್ನ ಒಗದಬಿಡಬೇಕಂತ ನೋಡು. ಹೊರಗ ಛಲೋ ಕಂಡ್ರೂ ಒಳಗ ಒಡದಿರ್ತದಂತ. ಒಂದ ಸಲ ಕಾಯ್ತದ, ಅಷ್ಟ" ಎಂದು ನಕ್ಕಿದ್ದ.

ಬಟ್ಟೆ ಒಗೆಯಲು ಬಿಚ್ಚಿದಾಗ ಸಂಪದಾ ಅದನ್ನು ಕಣ್ಣಾರೆ ಕಂಡಿದ್ದಳು. ಬೆಲ್ಟು ತೂರುವ ಸಂದಿಯಿಂದ ಬೆನ್ನಿನ ಕಡೆಗೆ, ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ. ಉಗುರಿನಿಂದ ಕೆರೆದು ನೋಡಿದಳು, ಹೋಗಲಿಲ್ಲ. ದೇವರ ಮನೆಯ ಪಕ್ಕದಲ್ಲಿ ಕೂತಿರುವ ವಸ್ತುವಿಗೆ ಬಿರುಕಿದ್ದರೇನು ಇಲ್ಲದಿದ್ದರೇನು ಎಂದು ಸುಮ್ಮನಾದಳು. ಅದು ಮತ್ತೆ ಕಾರು ಹತ್ತೀತೆಂದು ಯಾರು ಕನಸು ಕಂಡಿದ್ದರು!

ಮಿಲಿಂದನ ತಂಗಿ ಅನುಜಾ ಹೆರಿಗೆಗೆ ತವರಿಗೆ ಬಂದವಳು ಹೆಣ್ಣುಕೂಸು ಹೆತ್ತು ಐದು ತಿಂಗಳಾಗಿತ್ತು. ಇನ್ನು ಅವಳನ್ನು ಬಬಲೇಶ್ವರಕ್ಕೆ, ಗಂಡನ ಮನೆಗೆ ಕಳಿಸಬೇಕು. ಬಾಣಂತಿಯನ್ನು ಕಳಿಸುವಾಗ ಕೂಸಿನ ಜೊತೆ ತೊಟ್ಟಿಲು ಕೊಡುವುದು ಪದ್ಧತಿ. ಅದರಲ್ಲೂ ಸಖೂಬಾಯಿಯ ಮನೆತನದಲ್ಲಿ ಹೊಸ ತೊಟ್ಟಿಲು ನಡೆಯುವುದಿಲ್ಲ, ಮಕ್ಕಳು ಬಾಳಿದ ತೊಟ್ಟಿಲೇ ಆಗಬೇಕು. ಯಾವ ತೊಟ್ಟಿಲಲ್ಲಿ ಕೂಸು ಗಂಡಾಂತರ ದಾಟಿ ಬದುಕಿತೋ ಅದನ್ನು ನೆಂಟರು ಕೇಳಿ ಒಯ್ಯುತ್ತಾರೆ. ಈ ಸಲ ಸಖೂಬಾಯಿ ಒಂದೇ ಮಾತಿಗೆ ತೀರ್ಮಾನ ಮಾಡಿಬಿಟ್ಟಳು.

"ಕಟಿಗಿ ತೊಟ್ಟಿಲ ಯಾಕ? ಸಾವಿನ ಬಾಯಾಗಿಂದ ಕೂಸನ್ನ ಹೊರಗ ತಂದದ್ದು ಇದು. ಇದನ್ನ ಕಳಸೋಣು."

ಬಾಜೂ ಮನೆಯ ಕಾಶಿಬಾಯಿ ಅದಕ್ಕೆ ಹೂಗುಟ್ಟಿದಳು. ಅನುಜಾಳಂತೂ ಕಣ್ಣಲ್ಲಿ ನೀರು ತಂದುಕೊಂಡು, "ಅಣ್ಣಾನ ಆಶೀರ್ವಾದ ಇದ್ದಂಗ ಆತು ಬಿಡವ್ವಾ" ಎಂದಳು.

ಸೀಟು ಒಡೆದಿದೆ ಎಂದು ಹೇಳಲು ಸಂಪದಾಳಿಗೆ ನಾಲ್ಕು ದಿನ ಇದ್ದವು. ನಾಲ್ಕೂ ದಿನ ಹೇಳುತ್ತೇನೆ ಎಂದೇ ಏಳುತ್ತಿದ್ದಳು. ಆದರೆ ಗಂಡ ಸತ್ತ ಎಂಟು ತಿಂಗಳಲ್ಲಿ ಆ ಮನೆಯಲ್ಲಿ ಅವಳ ಬಾಯಿಯ ಬೆಲೆ ಎಷ್ಟೆಂದು ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು. ನಾಮಕರಣದ ದಿನ ತೊಟ್ಟಿಲ ಹತ್ತಿರ ಹೋದರೆ, "ನೀ ಅನೂಪನ್ನ ನೋಡ್ಕೋ ಹೋಗವಾ" ಎಂದು ಮೆತ್ತಗೆ ಅಡುಗೆಮನೆಗೆ ಅಟ್ಟಿದ್ದರು. ಈಗ ಹೋಗಿ ಆ ಸೀಟು ಬೇಡ ಎಂದರೆ ಏನನ್ನುತ್ತಾರೆ? ನಾದಿನಿಯ ಕೂಸಿನ ಮೇಲೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಅಂದುಕೊಳ್ಳಲಿ ಬಿಡು ಎನ್ನುವ ಧೈರ್ಯ ಅವಳಿಗಿರಲಿಲ್ಲ. ಪುಸ್ತಕ ಹುಡುಕಿದಳು, ತೋರಿಸಿದರೆ ನಂಬುತ್ತಾರೆಂದು. ಅದು ಕಾರಿನಲ್ಲೇ ಇತ್ತು, ಕಾರಿನ ಜೊತೆಯೇ ಗುಜರಿಗೆ ಹೋಗಿತ್ತು.

ಹೊರಡುವ ದಿನ ಬೆಳಿಗ್ಗೆ ಅನುಜಾಳ ಗಂಡ ಗುರುರಾಜ ಕಾರು ತಂದ. ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರ, ಕೆಲಸದಲ್ಲಿ ಅಚ್ಚುಕಟ್ಟು. ಫೋನಿನಲ್ಲಿ ವಿಡಿಯೊ ನೋಡಿಕೊಂಡೇ ಬಂದಿದ್ದ. ಸೀಟನ್ನು ಹಿಂದಿನ ಆಸನದ ಮೇಲೆ, ಕೂಸಿನ ಮುಖ ಹಿಂದಕ್ಕೆ ಬರುವಂತೆ ಇಟ್ಟ. ಬೆಲ್ಟು ತೂರಿಸಿ, ಮೊಣಕಾಲು ಊರಿ, ಹಲ್ಲು ಕಚ್ಚಿ ಜಗ್ಗಿದ. ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿದ. ಮಿಲಿಂದ ಕಲಿಸಿದ್ದಕ್ಕಿಂತ ಒಂದು ಕೈ ಮೇಲೆಯೇ ಇತ್ತು ಅವನ ಕೆಲಸ. ಸಂಪದಾ ಅದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದಳು. ಸುತ್ತ ಯಾರೂ ಇರಲಿಲ್ಲ. ಕಾರಿನ ಹತ್ತಿರ ಹೋದಳು.

"ಗುರುರಾಜ ಅವರ, ಈ ಸೀಟ ಬ್ಯಾಡ್ರಿ."

"ಯಾಕ್ರಿ ವೈನಿ? ನೋಡ್ರಿಲ್ಲೆ, ಒಂದ ಬಟ್ಟಿನಷ್ಟೂ ಅಳ್ಳಾಡಂಗಿಲ್ಲ."

"ಕಟ್ಟಿದ್ದು ಛಲೋ ಐತ್ರಿ. ಸೀಟ ಒಡದೈತಿ. ಒಳಗ, ಅರಬಿ ತಳಗ ಗೆರಿ ಬಿದ್ದೈತಿ. ಹೊಡತ ತಿಂದ ಸೀಟ ಮತ್ತ ಬಳಸಬಾರದಂತ ಪುಸ್ತಕದಾಗ ಬರದಿದ್ರು. ನಮ್ಮವರ ಓದಿ ಹೇಳಿದ್ರು."

ಗುರುರಾಜ ಸೀಟಿನ ಕಡೆ ನೋಡಿದ. ವಿಜ್ಞಾನದ ಮಾಸ್ತರ, ಅವನಿಗೆ ಅರ್ಥವಾಗದ ಮಾತೇನಲ್ಲ. ಬಟ್ಟೆ ಎತ್ತಿ ನೋಡಲು ಬೆಲ್ಟೆಲ್ಲ ಮತ್ತೆ ಬಿಚ್ಚಬೇಕಿತ್ತು. ಬೆವರು ಒರೆಸಿಕೊಂಡ. ಅಷ್ಟರಲ್ಲಿ ಸಖೂಬಾಯಿ ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಹಿಂದೆಯೇ ಕೂಸನ್ನು ಎತ್ತಿಕೊಂಡು ಕಾಶಿಬಾಯಿ, ಅವಳ ಹಿಂದೆ ಉಡಿ ತುಂಬಿಸಿಕೊಂಡ ಅನುಜಾ.

"ಏನಂತಾಳ್ರಿ ಅಳಿಯಂದ್ರ?"

"ಏನಿಲ್ರಿ, ಸೀಟ ಒಡದೈತಿ, ಬ್ಯಾಡ ಅಂತಾರ."

ಸಖೂಬಾಯಿಯ ಮುಖ ಕೆಂಪಾಯಿತು. "ಹೊಂಟ ಹೊತ್ತಿನಾಗ ಬಾಯಿ ತಗದಿ? ನಿಂದ ಹೋತಂತ ಎಲ್ಲಾರದೂ ಹೋಗಬೇಕೇನು? ನಡಿ ಒಳಗ!"

ಅನುಜಾ ಅತ್ತಿಗೆಯ ಮುಖ ನೋಡಿದಳು. ಗುರುರಾಜ ಬಾಗಿ ಬೆಲ್ಟನ್ನು ಮತ್ತೊಮ್ಮೆ ಜಗ್ಗಿ ನೋಡತೊಡಗಿದ, ಅಲ್ಲಿ ಇನ್ನೂ ಏನೋ ಕೆಲಸ ಉಳಿದಿದೆ ಎಂಬಂತೆ. ಸಂಪದಾಳಿಗೆ ನಾಚಿಕೆ, ಸಿಟ್ಟು, ಅಳು ಮೂರೂ ಕೂಡಿ ಬಂದವು. ಸಾಯಲಿ ಎಂದುಕೊಂಡಳು, ನನಗೇನಾಗಬೇಕು, ಹೇಳುವುದು ಹೇಳಿದೆ. ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಹಚ್ಚಿ ನಿಂತಳು. ಹೊರಗೆ ಆರತಿಯ ಹಾಡು ಮುಗಿಯಿತು, ಬಾಗಿಲು ಬಡಿದುಕೊಂಡವು, ಕಾರು ಹೋಯಿತು.

ಬಬಲೇಶ್ವರಕ್ಕೆ ಮುಕ್ಕಾಲು ತಾಸಿನ ದಾರಿ. ಸಂಪದಾ ಫೋನು ಕೈಯಲ್ಲಿ ಹಿಡಿದೇ ಕೂತಿದ್ದಳು. ಅನುಜಾಳ ಹೆಸರು ತೆಗೆದಳು, ಒತ್ತಲಿಲ್ಲ. ಮತ್ತೆ ತೆಗೆದಳು. ಮೆಲ್ಲಗೆ ಹೋಗ್ರಿ ಎಂದಾದರೂ ಹೇಳಲೇ ಎಂದುಕೊಂಡಳು. ಮಗಳನ್ನು ಬಿಟ್ಟುಬರಲು ಹೋದ ಅತ್ತೆಯೂ ಹಿಂದಿನ ಸೀಟಿನಲ್ಲಿದ್ದಾಳೆ, ಅವಳ ಬಾಯಿಗೆ ಮತ್ತೆ ಯಾರು ಬೀಳುತ್ತಾರೆ ಎಂದು ಫೋನು ಕೆಳಗಿಟ್ಟು ಅನೂಪನಿಗೆ ಅನ್ನ ಕಲಸಿದಳು. ಹುಡುಗ ಅರ್ಧ ಉಂಡಿದ್ದ, ಫೋನು ತಾನೇ ಬಡಿದುಕೊಂಡಿತು. ಅನುಜಾಳ ನಂಬರು, ಗಂಡಸಿನ ದನಿ.

"ಅಕ್ಕಾರ, ನಾನು ಮೆಹಬೂಬ ಅಂತ್ರಿ, ಜೀಪ್ ಹೊಡೀತೀನಿ. ಇಲ್ಲೆ ಡೋಣಿ ಹೊಳಿ ಹತ್ರ ನಿಮ್ಮವರ ಗಾಡಿ ಬೇವಿನ ಗಿಡಕ್ಕ ಹಾಯ್ದೈತ್ರಿ. ದೊಡ್ಡವರು ಮಾತಾಡಾಕತ್ತಾರ್ರಿ. ವಿಜಾಪುರಕ್ಕ ದವಾಖಾನಿಗೆ ತರಾಕತ್ತೇನಿ, ನೀವು ಬರ್ರಿ."

ಕೂಸಿನ ಸುದ್ದಿ ಅವನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಆದದ್ದು. ಗುರುರಾಜನ ಕೈ ಮುರಿದಿತ್ತು, ಅನುಜಾಳ ಹಣೆಗೆ ಆರು ಹೊಲಿಗೆ, ಸಖೂಬಾಯಿಗೆ ತರಚಿದ ಗಾಯ. ಸೀಟು ಬಿರುಕಿದ್ದ ಕಡೆಗೇ ಸೀಳಿತ್ತು. ಗುರುರಾಜ ಬಿಗಿದಿದ್ದ ಬುಡ ಕಾರಿನ ಬೆಲ್ಟಿನಲ್ಲಿ ಅಳ್ಳಾಡದೆ ಹಾಗೆಯೇ ಇತ್ತು. ಮೇಲಿನ ಭಾಗ ಕೂಸಿನ ಸಮೇತ ಕಿತ್ತು ಬಾಗಿಲಿಗೆ ಬಡಿದಿತ್ತು. ಕೂಸನ್ನು ದವಾಖಾನೆಗೆ ತರುವುದರೊಳಗೆ ಎಲ್ಲ ಮುಗಿದಿತ್ತು.

ದವಾಖಾನೆಯ ಪಡಸಾಲೆಯಲ್ಲಿ ಸಂಪದಾಳನ್ನು ಕಂಡದ್ದೇ ಸಖೂಬಾಯಿ ಎದೆ ಬಡಿದುಕೊಂಡು ಎದ್ದು ನಿಂತಳು. "ಬಂದ್ಲು ನೋಡ್ರಿ! ಇಕಿ ನಾಲಿಗಿ ನೋಡ್ರಿ! ಹೊಂಟ ಗಾಡಿಗೆ ಒಡದೈತಿ ಅಂದ್ಲು, ಒಡೀತು. ಮಗನ್ನ ತಿಂದ್ಲು, ಮೊಮ್ಮಗಳನ್ನೂ ತಿಂದ್ಲು!" ಹತ್ತಾರು ಜನ ತಿರುಗಿ ನೋಡಿದರು. ಸಂಪದಾ ಗುರುರಾಜನ ಕಡೆ ನೋಡಿದಳು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಅವನು ಬೆಂಚಿನ ಮೇಲೆ ಕೂತಿದ್ದ. ಒಂದು ಮಾತು, ವೈನಿ ನನಗೆ ಹೇಳಿದ್ದರು, ನಾನು ಕೇಳಲಿಲ್ಲ ಎಂಬ ಒಂದೇ ಮಾತು ಅವನ ಬಾಯಿಂದ ಬಂದರೆ ಸಾಕಿತ್ತು. ಅವನು ನೆಲ ನೋಡುತ್ತ ಕೂತ. ಹೇಡಿ ಎಂದು ಒಳಗೊಳಗೇ ಅವನನ್ನು ಬೈದಳು. ನಾನು ಹೇಳಿದ್ದೆ, ನನ್ನದೇನೂ ತಪ್ಪಿಲ್ಲ ಎಂದು ಮನಸ್ಸಿನಲ್ಲೇ ಮತ್ತೆ ಮತ್ತೆ ಅಂದುಕೊಂಡಳು. ಆ ಹೊತ್ತಿಗೆ ಅವಳನ್ನು ನಿಲ್ಲಿಸಿದ್ದು ಅದೊಂದೇ.

ನರ್ಸು ಬಂದು ಅನುಜಾ ಕರೆಯುತ್ತಿದ್ದಾಳೆ ಎಂದಳು. ಕೋಣೆಯಲ್ಲಿ ಅನುಜಾ ಒಬ್ಬಳೇ ಇದ್ದಳು. ಅತ್ತು ಅತ್ತು ಮುಖ ಬಾತಿತ್ತು, ಆದರೆ ದನಿ ನೆಟ್ಟಗಿತ್ತು.

"ವೈನಿ, ಅದು ಒಡದದ್ದು ನಿಮಗ ಖರೇನ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಯಾವಾಗಿಂದ?"

"ಅರಬಿ ಒಗ್ಯಾಕ ಬಿಚ್ಚಿದಾಗ ನೋಡಿದ್ದೆ. ಮುಂಜಾನೆ ಹೇಳಿದೆ ಅನುಜಾ, ನಿನ್ನ ಮುಂದನ ಅವ್ವ ಬೈದ್ರಲ್ಲ."

"ಬೈದ್ಲು. ಬೈದ್ಲು ಅಂತ ನೀವು ಒಳಗ ಹೋದ್ರಿ." ಅನುಜಾ ಅವಳ ಮುಖವನ್ನೇ ನೋಡುತ್ತಿದ್ದಳು. "ನಾನೂ ಬೈತಿದ್ದೆ ವೈನಿ, ಸುಳ್ಳ ಹೇಳಂಗಿಲ್ಲ. ಬೈಸಿಕೊಂಡು ಇನ್ನೊಮ್ಮೆ ಹೇಳಬೇಕಿತ್ತಲ್ರಿ. ಗಾಡಿಗೆ ಅಡ್ಡ ನಿಂತು ಹೇಳಬೇಕಿತ್ತು. ಅದು ಅನೂಪ ಆಗಿದ್ರ ಒಮ್ಮೆ ಹೇಳಿ ಒಳಗ ಹೋಗ್ತಿದ್ರೇನು?"

ಹೊರಗೆ ಪಡಸಾಲೆಯಲ್ಲಿ ಸಖೂಬಾಯಿ ಇನ್ನೂ ಬೈಯುತ್ತಲೇ ಇದ್ದಳು. ಅವಳು ಅಂದದ್ದೆಲ್ಲ ಸುಳ್ಳು ಎಂದು ಸಂಪದಾಳಿಗೆ ಗೊತ್ತಿತ್ತು, ಅದನ್ನು ಹೇಗಾದರೂ ತಡೆದುಕೊಳ್ಳಬಹುದಿತ್ತು. ಅನುಜಾ ಅಂದದ್ದು ಸುಳ್ಳಾಗಿರಲಿಲ್ಲ.