ಚೀಲದ ಮೇಲಿನ ಬೀಗರು

ಶಿವವ್ವನ ರೊಟ್ಟಿಗೆ ಹೆಸರಿತ್ತು, ಅದರ ಮೈಮೇಲೆ ಬಟ್ಟೆ ಇರಲಿಲ್ಲ. ಹಾಗಂತ ಹೇಳಿದವನು ಮುಧೋಳದ ಬಸ್‌ಸ್ಟ್ಯಾಂಡ್ ಎದುರು ಕಿರಾಣಿ ಅಂಗಡಿ ಇಟ್ಟಿದ್ದ ಪರಮೇಶ. ಜಮಖಂಡಿಯ ಆಕೆಯ ಅಡುಗೆಮನೆಯಲ್ಲಿ ಬಡಿದ ಖಡಕ್ ರೊಟ್ಟಿ ತಿಂಗಳಾದರೂ ಕೆಡುತ್ತಿರಲಿಲ್ಲ, ಮುರಿದರೆ ಪಕ್ಕದ ಮನೆಗೆ ಕೇಳಿಸುತ್ತಿತ್ತು. ಆದರೆ ಬೋಳು ಪ್ಲಾಸ್ಟಿಕ್ ಚೀಲದಲ್ಲಿ ಬಂದದ್ದನ್ನು ಗಿರಾಕಿ ಕಣ್ಣೆತ್ತಿ ನೋಡುವುದಿಲ್ಲ ಎಂದು ಪರಮೇಶ ಕಡ್ಡಿ ಮುರಿದಂತೆ ಹೇಳಿದ್ದ. ಶಿವರಾತ್ರಿಯೊಳಗೆ ಚಂದದ ಚಿತ್ರ ಛಾಪಿಸಿದ ಚೀಲ ತಂದರೆ ದುಡ್ಡು ಎಣಿಸುವ ಗಲ್ಲೆಯ ಎದುರಿನ ಕಪಾಟು ಆಕೆಯದು, ಇಲ್ಲವಾದರೆ ಬೇರೆಯವರದು.

ಆ ಕಪಾಟಿನ ಮೇಲೆ ಶಿವವ್ವನ ಜೀವ ಕೂತಿತ್ತು. ಮೂವತ್ತು ವರ್ಷ ಆಕೆ ಈ ಮನೆತನದ ಲಗ್ನ, ಸೀಮಂತ, ಸತ್ತದ್ದು, ಹುಟ್ಟಿದ್ದು ಎಲ್ಲಕ್ಕೂ ರೊಟ್ಟಿ ಬಡಿದಿದ್ದಳು. ಉಂಡವರು ಕೈ ತೊಳೆದುಕೊಂಡು ಹೋಗಿದ್ದರು. ಗುರುತಿಲ್ಲದ ಒಬ್ಬರಾದರೂ ತನ್ನ ಹೆಸರು ಓದಿ, ಕೇಳಿ, ಕೊಂಡು ಹೋಗುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಆಕೆಗೆ. ಅದು ದೊಡ್ಡ ಆಸೆಯೇನಲ್ಲ.

ಸೊಸೆ ರಾಜಶ್ರೀ ಮೊಬೈಲಿನಲ್ಲಿ ಒಂದು ನಮೂನೆ ಮಾಡಿ ತೋರಿಸಿದಳು. ಬಿಳಿ ಚೀಲ, ನಡುವೆ ದುಂಡಗಿನ ರೊಟ್ಟಿ, ಕೆಳಗೆ ‘ಶಿವವ್ವನ ಖಡಕ್ ರೊಟ್ಟಿ’. ಅಷ್ಟೇ. ಶಿವವ್ವ ವೇಳೆ ಎಷ್ಟಾಯಿತು ಎಂದು ಕೇಳುವ ನೆವದಲ್ಲಿ ಆ ಮೊಬೈಲನ್ನು ಮೂರು ಸಲ ಇಸಿದುಕೊಂಡು ನೋಡಿದಳು.

ಛಾಪಿಸುವ ಜವಾಬ್ದಾರಿಯನ್ನು ಗಂಡ ಶಿದ್ರಾಮಪ್ಪ ತಾನೇ ಹೊತ್ತುಕೊಂಡ. ಛಾಪಖಾನೆಗೆ ಹೋಗುವುದು ಗಂಡಸರ ಕೆಲಸ ಎಂಬುದು ಅವನ ನಂಬಿಕೆ. ಒಳ್ಳೆಯ ಮನುಷ್ಯನೇ. ಹಾವಿಗೆ ಅಂಜುವವನಲ್ಲ, ಸಾಹೇಬರಿಗೆ ಅಂಜುವವನಲ್ಲ. ಬೀಗರ ಸಿಟ್ಟಿಗೆ ಮಾತ್ರ ಅಂಜುತ್ತಿದ್ದ. ಅದಕ್ಕೆ ಕಾರಣವೂ ಇತ್ತು. ಮೂರು ವರ್ಷದ ಹಿಂದೆ ಮಗಳ ಲಗ್ನಪತ್ರಿಕೆಯಲ್ಲಿ ಅನಗವಾಡಿಯ ಚನಮಲ್ಲಪ್ಪನ ಹೆಸರು ಬಿಟ್ಟುಹೋಗಿತ್ತು. ಚನಮಲ್ಲಪ್ಪನೆಂದರೆ ಶಿದ್ರಾಮಪ್ಪನ ಒಬ್ಬಳೇ ತಂಗಿಯ ಗಂಡ. ಲಗ್ನಕ್ಕೆ ಬಂದ, ಅಕ್ಷತೆ ಹಾಕಿದ, ಉಣ್ಣದೆ ಎದ್ದು ಹೋದ. ಅಂದಿನಿಂದ ಈ ಮನೆಯ ನೀರನ್ನೂ ಮುಟ್ಟಿರಲಿಲ್ಲ. ಅಲ್ಲಿಂದೀಚೆಗೆ ಛಾಪಿಸುವುದು ಏನೇ ಇದ್ದರೂ ಶಿದ್ರಾಮಪ್ಪ ಮೊದಲು ಬೀಗರ ಹೆಸರನ್ನು ಬೆರಳು ಮಡಿಚಿ ಎಣಿಸುತ್ತಿದ್ದ.

ಛಾಪಖಾನೆಯ ಕಲ್ಮೇಶನಾದರೂ ಜನ್ಮವಿಡೀ ಲಗ್ನಪತ್ರಿಕೆ ಮತ್ತು ಹುಟ್ಟುಹಬ್ಬದ ಫ್ಲೆಕ್ಸ್ ಮಾಡಿಯೇ ಬೆಳೆದವನು. ಎದುರಿಗೆ ಯಾರೇ ಕೂತರೂ ಅವನ ಬಾಯಿಂದ ಮೊದಲು ಬರುವ ಮಾತು ಒಂದೇ: ಹಿರಿಯರ ಹೆಸರು ಹೇಳಿರಿ, ಫೋಟೋ ಕೊಡಿರಿ. ಆಗ ಬೇಡವೆನ್ನುವ ಬುದ್ಧಿ ಶಿದ್ರಾಮಪ್ಪನಿಗೆ ಬರಬೇಕಿತ್ತು. ಬರಲಿಲ್ಲ. ಸೊಸೆ ಕಳಿಸಿದ ನಮೂನೆ ಜೇಬಿನ ಮೊಬೈಲಿನಲ್ಲೇ ಉಳಿಯಿತು. ಅವನು ಕುರ್ಚಿ ಎಳೆದುಕೊಂಡು ಕೂತು, ಚಹಾ ತರಿಸಿ, ಹೆಸರು ಹೇಳತೊಡಗಿದ.

ಎಂಟು ದಿನಕ್ಕೆ ಎರಡು ಸಾವಿರ ಚೀಲ ಮನೆಗೆ ಬಂದವು. ಎಲ್ಲಕ್ಕೂ ಮೇಲೆ ಶಿವವ್ವನ ತೀರಿಹೋದ ಮಾವನವರ ಫೋಟೋ, ಸುತ್ತಲೂ ಹೂವಿನ ಮಾಲೆ. ಅದರ ಕೆಳಗೆ ತಲೆಗೆ ಪಟಗ ಸುತ್ತಿದ ಶಿದ್ರಾಮಪ್ಪ. ಅವನಿಗಿಂತ ಒಂದು ಬೆರಳು ದೊಡ್ಡದಾಗಿ, ಕಪ್ಪು ಕನ್ನಡಕ ಹಾಕಿದ ಚನಮಲ್ಲಪ್ಪ. ಆ ಬದಿಗೆ ಬಾಡಗಂಡಿಯ ಕಾಕಾ ಗಿರಮಲ್ಲಪ್ಪ, ಕಿವಿಗೆ ಮೊಬೈಲ್ ಹಿಡಿದು ಯಾರೊಂದಿಗೋ ಮಾತಾಡುತ್ತಿದ್ದ. ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಇಪ್ಪತ್ತೊಂದು ಹೆಸರು. ಲಗ್ನಪತ್ರಿಕೆಯಲ್ಲಿ ಛಾಪಖಾನೆಯವರು ತಮ್ಮ ಹೆಸರು ಹಾಕಿಕೊಳ್ಳುವ ಮೂಲೆಯಲ್ಲಿ, ಇರುವೆ ಸಾಲಿನಷ್ಟು ಅಕ್ಷರದಲ್ಲಿ, ‘ಖಡಕ್ ರೊಟ್ಟಿ’. ರೊಟ್ಟಿಯ ಚಿತ್ರಕ್ಕೆ ಜಾಗ ಸಾಲಲಿಲ್ಲವಂತೆ.

ಶಿವವ್ವ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ನನ್ನ ಹೆಸರ ಎಲ್ಲೈತ್ರಿ?”

ಶಿದ್ರಾಮಪ್ಪ ಸುಳ್ಳು ಹೇಳುವವನಲ್ಲ. “ನೀ ಎಲ್ಲಿ ಸಿಟ್ಟಾಗ್ತಿ? ಸಿಟ್ಟಾಗಾವ್ರದಷ್ಟ ಹಾಕ್ಸೇನಿ” ಎಂದ.

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ಶಿವವ್ವ ಹತ್ತಾರು ಸಲ ಆಡಿದ್ದಳು. ಆ ಗಿಡ ತಾನೇ ಎಂದು ತಿಳಿದದ್ದು ಈಗಲೇ. ಅಳಲಿಲ್ಲ. ಕೈಗೆ ಹತ್ತಿದ್ದ ಹಿಟ್ಟು ತೊಳೆದುಕೊಂಡು, ಒಲೆಯ ಮೇಲಿನ ಹಂಚನ್ನು ಇಳಿಸಿ ಗೋಡೆಗೆ ಒರಗಿಸಿದಳು.

“ಹಂಗಾದ್ರ ಇವತ್ತಿನಿಂದ ನಾನೂ ಸಿಟ್ಟಾಗೇನಿ.”

ಮರುದಿನ ಶಿದ್ರಾಮಪ್ಪ ಡಬ್ಬಿಯಲ್ಲಿದ್ದ ಹಳೆಯ ರೊಟ್ಟಿಯನ್ನೇ ಒಂದು ಚೀಲಕ್ಕೆ ತುಂಬಿಕೊಂಡು ಮುಧೋಳಕ್ಕೆ ಹೋಗಿ ಬಂದ. ನಡೆದದ್ದನ್ನು ಪರಮೇಶನೇ ರಾಜಶ್ರೀಗೆ ಫೋನು ಮಾಡಿ ಹೇಳಿದ್ದು. ಚೀಲ ನೋಡಿದೊಡನೆ ಅವನು ಗಲ್ಲೆಯಿಂದೆದ್ದು ಕೈಮುಗಿದು, ಹಿರಿಯರು ಯಾವಾಗ ತೀರಿಕೊಂಡರು ಎಂದು ಕೇಳಿದ್ದನಂತೆ. ಇದನ್ನು ಎದುರಿಗಿಟ್ಟರೆ ಗಿರಾಕಿ ನಮಸ್ಕಾರ ಮಾಡಿ ಮುಂದೆ ಹೋಗುತ್ತಾರೆ, ಕೊಳ್ಳುವುದಿಲ್ಲ ಎಂದನಂತೆ. ಕಪಾಟು ಶಿವರಾತ್ರಿಯವರೆಗೆ ಮಾತ್ರ ಕಾಯುತ್ತದೆ ಎಂದು ಇನ್ನೊಮ್ಮೆ ನೆನಪಿಸಿದ್ದ.

ಮೂರು ದಿನ ಮನೆಯಲ್ಲಿ ರೊಟ್ಟಿ ಇಲ್ಲ. ಅನ್ನ ಉಂಡರೆ ಉಂಡಂತೆಯೇ ಅನಿಸದ ಶಿದ್ರಾಮಪ್ಪ ಮೂರು ಹೊತ್ತೂ ಅನ್ನ ಉಂಡು ಸೊರಗಿದ. ಊರ ಬೀಗರ ಸಿಟ್ಟು ವರ್ಷಗಟ್ಟಲೆ ತಡೆದವನಿಗೆ ಹೆಂಡತಿಯ ಸಿಟ್ಟು ನಾಲ್ಕನೆಯ ದಿನಕ್ಕೆ ತಡೆಯಲಾಗಲಿಲ್ಲ. ಏನು ಮಾಡಬೇಕು ಹೇಳು ಎಂದು ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತ.

ಶಿವವ್ವ ಎಲ್ಲ ಯೋಚಿಸಿಟ್ಟಿದ್ದಳು. “ಚೀಲದ ಮ್ಯಾಲೆ ಯಾರ್ಯಾರ ಅದಾರೋ ಅವರ ಮನಿಗೇ ಒಯ್ದ ತೋರಸ್ರಿ. ಮಾರಿ ಹಾಕಿಸಿಕೊಂಡಾವ್ರು ರೊಟ್ಟಿನೂ ಅವ್ರ ಮಾರಲಿ. ಮುಂದಿನ ಚೀಲ ರಾಜಶ್ರೀ ಮಾಡಸ್ತಾಳ. ಹೂಂ ಅಂದ್ರಷ್ಟ ಹಂಚ ಏರಸ್ತೇನಿ.”

ಶಿದ್ರಾಮಪ್ಪ ಹೂಂ ಎಂದ. ಮೊದಲು ಅನಗವಾಡಿಗೇ ಹೋದ, ಅಂಜುತ್ತಲೇ. ಚನಮಲ್ಲಪ್ಪ ಚೀಲವನ್ನು ಬಿಸಿಲಿಗೆ ಹಿಡಿದು ತನ್ನನ್ನು ತಾನು ಬಹಳ ಹೊತ್ತು ನೋಡಿದ. ಭಾವನಿಗಿಂತ ತಾನು ದೊಡ್ಡದಾಗಿ ಕಾಣುತ್ತಿರುವುದು ಅವನ ಗಮನಕ್ಕೆ ಬಾರದೇ ಹೋಗಲಿಲ್ಲ. ಇನ್ನೂರು ಚೀಲ ರೊಟ್ಟಿ ತನಗೇ ಬೇಕೆಂದ. ಊರಲ್ಲಿ ಮನೆಮನೆಗೂ ಹಂಚಬೇಕಂತೆ. ಆ ಸುದ್ದಿ ಬಾಡಗಂಡಿಗೆ ಮುಟ್ಟಿತು. ಅನಗವಾಡಿಯವನಿಗಿಂತ ತಾನೇನು ಕಡಿಮೆ ಎಂದು ಗಿರಮಲ್ಲಪ್ಪ ಕಾಕಾ ಮುನ್ನೂರು ಹೇಳಿದ. ಉಳಿದ ಹತ್ತೊಂಬತ್ತು ಮಂದಿ ಸುಖಾಗಮನ ಬಯಸುವವರು ಸುಮ್ಮನೆ ಕೂರುತ್ತಾರೆಯೇ? ಶಿವವ್ವ ಓಣಿಯ ಆರು ಹೆಂಗಸರನ್ನು ಕರೆದು ಇನ್ನೂ ನಾಲ್ಕು ಹಂಚು ಏರಿಸಬೇಕಾಯಿತು.

ರೊಟ್ಟಿ ಒಯ್ಯಲು ಚನಮಲ್ಲಪ್ಪ ತಾನೇ ಬಂದ. ಮೂರು ವರ್ಷದ ಮೇಲೆ ಆ ಮನೆಯಲ್ಲಿ ಎಲೆಯ ಮುಂದೆ ಕೂತು, ಬದನೆಕಾಯಿ ಪಲ್ಲೆ ಹಚ್ಚಿಕೊಂಡು ನಾಲ್ಕು ರೊಟ್ಟಿ ಉಂಡ.

ಹೊಸ ಚೀಲ ಶಿವರಾತ್ರಿಗೆ ಎರಡು ದಿನ ಮುಂಚೆ ಬಂತು. ಅದರ ಮೇಲೆ ಯಾರ ಮುಖವೂ ಇರಲಿಲ್ಲ. ಹಿಟ್ಟು ಹತ್ತಿದ ಎರಡು ಕೈ ರೊಟ್ಟಿ ಬಡಿಯುತ್ತಿದ್ದವು, ಕೈತುಂಬ ಹಸಿರು ಬಳೆ. ಶಿವವ್ವ ಕೆಲಸದಲ್ಲಿದ್ದಾಗ ರಾಜಶ್ರೀ ಗೊತ್ತಿಲ್ಲದಂತೆ ತೆಗೆದ ಫೋಟೋ ಅದು. ಕೆಳಗೆ ದಪ್ಪ ಅಕ್ಷರದಲ್ಲಿ ‘ಶಿವವ್ವನ ಖಡಕ್ ರೊಟ್ಟಿ’.

ಪರಮೇಶ ಮಾತಿಗೆ ತಪ್ಪಲಿಲ್ಲ. ಗಂಡ ಹೆಂಡತಿ ಇಬ್ಬರೂ ಬಸ್ಸು ಹಿಡಿದು ಮುಧೋಳಕ್ಕೆ ನೋಡಲು ಹೋದರು. ಕಣ್ಣೆದುರೇ ಒಬ್ಬಾಕೆ, ಯಾರೋ ಏನೋ, ಹೆಸರು ಓದಿ ಎರಡು ಚೀಲ ಕೊಂಡುಹೋದಳು. ಶಿವವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಶಿದ್ರಾಮಪ್ಪ ಕಪಾಟಿನ ಮುಂದೆ ಬಗ್ಗಿ ಚೀಲವನ್ನೇ ನೋಡುತ್ತಿದ್ದ. “ಹೆಬ್ಬೆರಳಿನ ಬುಡಕ್ಕ ಇದೊಂದು ಸುಟ್ಟ ಕಲಿ ಐತಲ್ಲ, ಇದ ಯಾವಾಗಿಂದು?”

“ನಿಮ್ಮ ತಂಗಿ ಲಗ್ನದಾಗಿಂದು. ಇಪ್ಪತ್ತಾರ ವರ್ಷ ಆತು.”

ಪರಮೇಶ ಬೇಡ ಬೇಡ ಎನ್ನುತ್ತಿದ್ದರೂ ಶಿದ್ರಾಮಪ್ಪ ದುಡ್ಡು ಕೊಟ್ಟು ತನ್ನ ಮನೆಯ ರೊಟ್ಟಿಯನ್ನೇ ಒಂದು ಚೀಲ ಕೊಂಡ. ಜಮಖಂಡಿಯ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಚಿತ್ರ ಎದುರಿನ ಸೀಟಿನವರಿಗೆ ಕಾಣುವಂತೆ, ಊರು ಬರುವವರೆಗೂ ಹಿಡಿದುಕೊಂಡು ಕೂತಿದ್ದ.