ಕೆಂಪು ಬಣ್ಣದ ಹೆಸರು

ಪಕ್ಕದ ಮನೆಯವರು ರೇಡಿಯೊವನ್ನು ಮತ್ತೆ ಜೋರಾಗಿ ಹಾಕಿದ್ದರು. ಗಂಡನನ್ನು ಮಣ್ಣು ಮಾಡಿ, ಬಂದ ನೆಂಟರೆಲ್ಲ ಹೊರಟ ಮೇಲಿನ ಮೊದಲ ಮಾಮೂಲಿ ಬೆಳಗು. ಅವಳು ಮುಖ ತೊಳೆದು, ಅವನ ಕೆಲಸದ ಚೀಲ ತರಲು ಬಸ್ಸು ಹತ್ತಿದಳು.

ಚೀಲ ಉದ್ಯಾನದ ಸ್ಮಾರಕದ ಬಳಿ ಉಳಿದಿತ್ತು. ಹೊರದೇಶದ ಯುದ್ಧದಲ್ಲಿ ಸತ್ತ ಈ ಊರಿನ ಸೈನಿಕರ ಹೆಸರುಗಳನ್ನು ಅಲ್ಲಿನ ಕಪ್ಪು ಕಲ್ಲಿನಲ್ಲಿ ಕೊರೆಯುತ್ತಿದ್ದಾಗಲೇ ಅವನು ಎದೆ ಹಿಡಿದುಕೊಂಡು ಕುಸಿದಿದ್ದ. ಮೊದಲು ಕುಂಚದಿಂದ ಕೆಂಪು ಬಣ್ಣದಲ್ಲಿ ಬರೆದು, ಒಣಗಿದ ಮೇಲೆ ಉಳಿ ಹಿಡಿಯುವುದು ಅವನ ಪದ್ಧತಿ. ಕೊನೆಯ ಹೆಸರು ಬಣ್ಣದಲ್ಲೇ ನಿಂತಿತ್ತು. ಕೊನೆಯಕ್ಷರದ ಬಾಲ ಸ್ವಲ್ಪ ಉದ್ದ. ಮನೆಯ ಸಕ್ಕರೆ ಡಬ್ಬಿಯ ಮೇಲೂ ಹಾಗೆಯೇ ಬರೆದಿದ್ದ.

ಜೊತೆ ಕೆಲಸದವನು ಚೀಲ ಎತ್ತಿಕೊಟ್ಟ. "ಎಲ್ಲಾ ಇದೆ ನೋಡಮ್ಮ. ಒಂದು ಸಣ್ಣ ಉಳಿ ಮಾತ್ರ ನಂದು, ಕಡ ತಗೊಂಡಿದ್ದ. ಕೇಳಿದಾಗಲೆಲ್ಲ 'ಇದೊಂದು ಹೆಸರು ಮುಗೀಲಿ' ಅಂತಿದ್ದ. ಪ್ರತಿ ಹೆಸರಿಗೂ ಅದೇ ಮಾತು, ಕಳ್ಳ!" ನಕ್ಕವನು ತಟ್ಟನೆ ಕೆಂಪು ಹೆಸರಿನ ಕಡೆ ತಿರುಗಿದ. "ನಿಧಾನಕ್ಕೆ ಕೊಡು. ಅದಿಲ್ದೆ ಇದನ್ನ ಕೊರೆಯೋಕಾಗಲ್ಲ, ಅಷ್ಟೇ."

"ಕೊರೆದ್ರೆ ಅವರು ಬರೆದದ್ದು ಉಳಿಯುತ್ತಾ?"

"ಅವನ ಗೆರೆ ಮೇಲೇ ಹೋಗ್ತೀನಿ. ಆದ್ರೆ ಬಣ್ಣ ಪುಡಿಯಾಗಿ ಉದುರುತ್ತೆ. ಆಮೇಲೆ ಅದು ನನ್ನ ಕೈಬರಹವೇ."

"ಹಾಗಾದ್ರೆ ಹೀಗೇ ಇರ್ಲಿ."

ಅವನು ತಲೆ ಕೆರೆದುಕೊಂಡ. "ನಾಲ್ಕು ಮಳೆ ಬಿದ್ರೆ ಏನೂ ಇರಲ್ಲಮ್ಮ."

ಮೆಟ್ಟಿಲ ಮೇಲೆ ಕೂತಿದ್ದ ಮುದುಕಿ ಎದ್ದು ಬಂದಳು. ಆ ಹೆಸರು ಅವಳ ಮಗನದು.

"ಸಾಲಲ್ಲಿ ನಿಲ್ಲು ಅಂದ್ರೆ ಆಗ್ತಿರ್ಲಿಲ್ಲ ನಮ್ಮವನಿಗೆ," ಎಂದಳು. "ನೋಡು, ಇಲ್ಲೂ ಎಲ್ಲರಿಗಿಂತ ಹಿಂದೆ."

ಮುದುಕಿ ಅವಳ ಮುಖವನ್ನೇ ನೋಡಿದಳು. "ನಿಂಗೆ ಕೊನೇ ಸಲ ಗಂಡನ ಮುಖ ನೋಡೋಕೆ ಸಿಕ್ತಾ ಮಗಳೇ?"

ಚುಚ್ಚುವ ದನಿಯಲ್ಲ. ತಿಳಿದುಕೊಳ್ಳಬೇಕೆಂಬ ದನಿ.

"ಸಿಕ್ತು."

"ಒಳ್ಳೇದಾಯ್ತು. ನಮ್ಮವನನ್ನ ಅಲ್ಲೇ ಎಲ್ಲೋ ಹೂಳಿದ್ರಂತೆ. ಎಲ್ಲಿ ಅಂತ ಹೇಳೋರೇ ಇಲ್ಲ."

ಅವಳು ಗಂಡ ಬರೆದ ಕೆಂಪು ಅಕ್ಷರಗಳ ಮೇಲೆ ಬೆರಳಿಟ್ಟಳು. ಬಣ್ಣ ಪೂರ್ತಿ ಒಣಗಿತ್ತು, ಬೆರಳಿಗೆ ಏನೂ ಹತ್ತಲಿಲ್ಲ. ಬಿಸಿಲಿಗೆ ಕಾದ ಕಲ್ಲು ಮೈಯಂತೆ ಬೆಚ್ಚಗಿತ್ತು.

ಆಮೇಲೆ ನೆಲದ ಮೇಲೆ ಕೂತು ಚೀಲ ಬಿಚ್ಚಿದಳು. ಸಣ್ಣ ಉಳಿ ತಳದಲ್ಲಿತ್ತು, ಗಂಡನ ಹಳೆಯ ಅಂಗಿಯ ತೋಳಿನಲ್ಲಿ ಸುತ್ತಿಕೊಂಡು. ಬಟ್ಟೆಯನ್ನು ತಾನಿಟ್ಟುಕೊಂಡು, ಮೊನೆ ತನ್ನ ಕಡೆಗಿರುವಂತೆ ಹಿಡಿದು ಉಳಿಯನ್ನು ಜೊತೆ ಕೆಲಸದವನತ್ತ ಚಾಚಿದಳು.